ಹಳೆಯ ವ್ಯಾನು: ಅಂಗಳದ ದುರಸ್ತಿ, ಖಾತೆಯ ತೀರ್ಪು

ಸಣ್ಣ ವ್ಯಾಪಾರಿಯ ಅಢಾವೆ ಪತ್ರಿಕೆಯಲ್ಲಿ ಅತ್ಯಂತ ಕಡಿಮೆ ಮೌಲ್ಯ ತೋರಿಸುವ ಆಸ್ತಿಯೇ ಅನೇಕ ವೇಳೆ ಅತ್ಯಂತ ಹೆಚ್ಚು ದುಡಿಯುವ ಆಸ್ತಿಯಾಗಿರುತ್ತದೆ. ಅಂಗಡಿಯ ಮುಂದೆ ನಿಂತಿರುವ ಹಳೆಯ ವ್ಯಾನು ಇದಕ್ಕೆ ಉತ್ತಮ ನಿದರ್ಶನ. 2,50,000 ರೂಪಾಯಿಗೆ ಕೊಂಡ ವ್ಯಾನಿನ ಮೇಲೆ ವರ್ಷಕ್ಕೆ ಶೇ. 15ರ ದರದಲ್ಲಿ ಇಳಿಕೆ ಮೌಲ್ಯ ಪದ್ಧತಿಯಂತೆ ಸವಕಳಿ ತೆಗೆಯುತ್ತಾ ಹೋದರೆ, ಹತ್ತು ವರ್ಷಗಳ ನಂತರ ಪುಸ್ತಕದಲ್ಲಿ ಉಳಿಯುವುದು ಸುಮಾರು 49,200 ರೂಪಾಯಿ; ಹದಿನೈದು ವರ್ಷಗಳ ನಂತರ ಸುಮಾರು 21,800 ರೂಪಾಯಿ. ಆದರೆ ಆ ವ್ಯಾನು ಒಂದು ದಿನ ಹೊರಡದೆ ನಿಂತರೆ ಅಂದಿನ ವ್ಯಾಪಾರವೇ ನಿಲ್ಲುತ್ತದೆ. ಪುಸ್ತಕದ ಮೌಲ್ಯಕ್ಕೂ ಅಂಗಡಿಯ ಅಗತ್ಯಕ್ಕೂ ಇರುವ ಈ ಅಂತರವನ್ನು ತುಂಬುವುದು ದುರಸ್ತಿ ಮತ್ತು ನಿರ್ವಹಣೆ. ಅದನ್ನು ಮನೆಯಂಗಳದಲ್ಲಿಯೇ ಮಾಡಿಕೊಳ್ಳುವ ವ್ಯಾಪಾರಿಗಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಇದರಿಂದ ನಿಜವಾಗಿ ಉಳಿತಾಯವಾಗುತ್ತದೆಯೇ, ಆಗುವುದಾದರೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಮಾತ್ರ ಬಹುಮಂದಿಯ ಬಳಿ ಲಿಖಿತ ಉತ್ತರವಿರುವುದಿಲ್ಲ.

ಕರ್ನಾಟಕದ ಸಣ್ಣ ವ್ಯಾಪಾರಕ್ಕೆ ಹೆಗಲು ಕೊಟ್ಟ ವಾಹನಗಳಲ್ಲಿ ಬಜಾಜ್ ಟೆಂಪೋ ಕಂಪನಿಯ ಮ್ಯಾಟಡಾರ್ ಒಂದು ತಲೆಮಾರಿನದು. ಅದರ ನಂತರದ್ದು ಮಾರುತಿ ವ್ಯಾನ್. 1984ರಲ್ಲಿ ಮಾರುಕಟ್ಟೆಗೆ ಬಂದ ಈ ವಾಹನಕ್ಕೆ 1988ರಲ್ಲಿ ಓಮ್ನಿ ಎಂಬ ಹೆಸರು ಬಂದಿತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಭಾರದ ಸರಕು ಅತ್ತ ಹೋಯಿತಾದರೂ ಬೇಕರಿ, ಔಷಧ, ಹೂವು, ಸಿದ್ಧ ಉಡುಪು ಮುಂತಾದ ಹಗುರ ಸರಕಿಗೆ ಓಮ್ನಿಯೇ ಉಳಿಯಿತು. 2019ರಲ್ಲಿ ಇದರ ತಯಾರಿಕೆ ನಿಂತಿತು. ಆದುದರಿಂದ ಇಂದು ರಸ್ತೆಯ ಮೇಲಿರುವ ಪ್ರತಿಯೊಂದು ಓಮ್ನಿಯೂ ಹಳೆಯ ವ್ಯಾನೇ. ಇದರ 796 ಸಿ.ಸಿ.ಯ ಮೂರು ಸಿಲಿಂಡರಿನ ಇಂಜಿನ್ ಮಾರುತಿ 800 ಕಾರಿನ ಇಂಜಿನ್ನಿನ ಕುಲಕ್ಕೇ ಸೇರಿದ್ದರಿಂದ ಅದನ್ನು ಬಲ್ಲ ಮೆಕ್ಯಾನಿಕ್ಕುಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ಇದ್ದಾರೆ.

ಮಂಡಕ್ಕಿ ಭಟ್ಟಿಯ ವ್ಯಾನು

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮಾಲೀಕರೊಬ್ಬರು 2009ರಲ್ಲಿ ಸರಕು ಸಾಗಣೆಯ ಓಮ್ನಿಯೊಂದನ್ನು ಕೊಂಡರು. ಮಂಡಕ್ಕಿ ತೂಕದ ಸರಕಲ್ಲ, ಜಾಗದ ಸರಕು. ಚೀಲಗಳನ್ನು ಮಾಡಿನವರೆಗೆ ತುಂಬಿದರೂ ಕಮಾನು ಪಟ್ಟಿಗಳಿಗೆ ಶ್ರಮವಿಲ್ಲ. ಹರಿಹರ, ರಾಣೆಬೆನ್ನೂರು, ವಾರಕ್ಕೊಮ್ಮೆ ಚಿತ್ರದುರ್ಗ, ಇದು ವ್ಯಾನಿನ ದಾರಿ. ಮೊದಲ ಹನ್ನೊಂದು ವರ್ಷ ಸಣ್ಣ ಸದ್ದು ಬಂದರೂ ವ್ಯಾನು ಪಿ.ಬಿ. ರಸ್ತೆಯ ಗ್ಯಾರೇಜಿಗೆ ಹೋಗುತ್ತಿತ್ತು. ಮೇಸ್ತ್ರಿ ಹೇಳಿದಷ್ಟು ಹಣ ಕೊಡುವುದು, ಚೀಟಿಯನ್ನು ಡಬ್ಬಿಗೆ ಹಾಕುವುದು, ವರ್ಷದ ಕೊನೆಗೆ ಎಲ್ಲವನ್ನೂ ಕೂಡಿ "ವಾಹನ ಖರ್ಚು" ಎಂಬ ಒಂದೇ ಸಾಲಿನಲ್ಲಿ ಬರೆಯುವುದು ರೂಢಿಯಾಗಿತ್ತು.

2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಈ ರೂಢಿಯನ್ನು ಮುರಿಯಿತು. ಆಹಾರ ಪದಾರ್ಥಗಳ ಸಾಗಣೆಗೆ ಅನುಮತಿಯಿತ್ತು, ಆದರೆ ಗ್ಯಾರೇಜು ಮುಚ್ಚಿತ್ತು. ಒಂದು ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ಬಿ.ಕಾಂ. ಮುಗಿಸಿ ಭಟ್ಟಿಯ ಲೆಕ್ಕ ನೋಡುತ್ತಿದ್ದ ಮಗ ಮೇಸ್ತ್ರಿಗೆ ಫೋನು ಮಾಡಿ ಮೊಬೈಲನ್ನು ತಂದೆಯ ಕಿವಿಗೆ ಹಿಡಿದ. "ಯಜಮಾನ್ರೇ, ಮೊದಲು ನೆಗೆಟಿವ್ ವೈರ್ ಬಿಚ್ರಿ, ಆಮೇಲೆ ಪಾಸಿಟಿವ್. ಹಾಕುವಾಗ ಉಲ್ಟಾ" ಎಂದು ಆ ಕಡೆಯಿಂದ ಸೂಚನೆ ಬಂದಿತು. ಅರ್ಧ ಗಂಟೆಯಲ್ಲಿ ಸ್ನೇಹಿತರೊಬ್ಬರ ಕಾರಿನ ಬ್ಯಾಟರಿ ವ್ಯಾನಿಗೆ ಬಂದು ಕುಳಿತಿತು. ಅಂದು ಹರಿಹರದ ಅಂಗಡಿಗಳಿಗೆ ಸರಕು ತಲುಪಿತು. ಅಂದೇ ಸಂಜೆ ಇನ್ನೂರು ಪುಟದ ಒಂದು ನೋಟ್ ಪುಸ್ತಕಕ್ಕೆ ಗೆರೆ ಎಳೆಯಲಾಯಿತು: ದಿನಾಂಕ, ಕಿಲೋಮೀಟರ್, ಮಾಡಿದ ಕೆಲಸ, ಬಿಡಿಭಾಗದ ಬೆಲೆ, ಕೂಲಿ, ಯಾರು ಮಾಡಿದರು, ವ್ಯಾನು ಎಷ್ಟು ದಿನ ನಿಂತಿತು. ಕೊನೆಯ ಕಲಮನ್ನು ಸೇರಿಸಿದವನು ಮಗ. ಮುಂದೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಕಲಮು.

ಅಂಗಳದಲ್ಲಿ ಮಾಡಬಹುದಾದ ಕೆಲಸ

ಮನೆಯಲ್ಲಿ ಮಾಡುವ ನಿರ್ವಹಣೆಯಲ್ಲಿ ಮುಕ್ಕಾಲು ಪಾಲು ದುರಸ್ತಿಯಲ್ಲ, ಪರೀಕ್ಷೆ. ಇದಕ್ಕೆ ಬೇಕಾಗುವ ಸಲಕರಣೆ ಅಲ್ಪ: ಒಂದು ಸೆಟ್ಟು ಸ್ಪ್ಯಾನರು, ಪ್ಲಗ್ ಸ್ಪ್ಯಾನರು, ಟಾರ್ಚು, ಗಾಳಿಯ ಒತ್ತಡ ನೋಡುವ ಗೇಜು, ಒಂದು ಮಲ್ಟಿಮೀಟರು, ಒಳ್ಳೆಯ ಜಾಕು ಹಾಗೂ ಎರಡು ಕಬ್ಬಿಣದ ಸ್ಟ್ಯಾಂಡುಗಳು. ಕೊನೆಯ ಎರಡನ್ನು ಯಾವ ಕಾರಣಕ್ಕೂ ಕೈಬಿಡಬಾರದು. ಜಾಕು ವಾಹನವನ್ನು ಎತ್ತುವ ಸಾಧನವೇ ಹೊರತು ಹಿಡಿದಿಡುವ ಸಾಧನವಲ್ಲ. ಜಾಕಿನ ಮೇಲೆ ಮಾತ್ರ ನಿಂತ ವಾಹನದ ಕೆಳಗೆ ತಲೆ ಹಾಕುವುದು, ಸ್ಟ್ಯಾಂಡಿನ ಬದಲು ಇಟ್ಟಿಗೆ ಜೋಡಿಸುವುದು ಇವೆರಡೂ ಪ್ರಾಣಾಂತಿಕ. ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ.

ವಾರಕ್ಕೊಮ್ಮೆ, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ, ವ್ಯಾನನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಮೂರು ದ್ರವಗಳನ್ನು ನೋಡಬೇಕು: ಇಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ಸೀಟು ಎತ್ತಿದರೆ ಸಾಕು, ಬಹುಪಾಲು ಕಣ್ಣಿಗೆ ಬೀಳುತ್ತದೆ. ಆದರೆ ಈ ಅನುಕೂಲದಲ್ಲಿಯೇ ಒಂದು ಅನನುಕೂಲವೂ ಇದೆ. ಸೀಟು ಎತ್ತದಿದ್ದರೆ ಏನೂ ಕಾಣುವುದಿಲ್ಲ, ಸೀಟಿನ ಮೇಲೆ ಸರಕು ಅಥವಾ ಹುಡುಗರು ಕುಳಿತರೆ ತಿಂಗಳುಗಟ್ಟಲೆ ಯಾರೂ ಎತ್ತುವುದಿಲ್ಲ. ಚಾಲಕನಿಗೆ ಸೀಟು ಎಂದಿಗಿಂತ ಬಿಸಿಯೆನಿಸಿದರೆ ಅದು ಹವಾಮಾನದ ಮಾತಲ್ಲ, ಇಂಜಿನ್ನಿನ ದೂರು.

ಕೂಲೆಂಟಿನ ವಿಷಯದಲ್ಲಿ ಅಸಡ್ಡೆ ಅತ್ಯಂತ ದುಬಾರಿ. ಬಾವಿಯ ಅಥವಾ ಕೊಳವೆ ಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿಯುವ ಅಭ್ಯಾಸ ಇಂದಿಗೂ ಇದೆ. ಆ ನೀರಿನ ಸುಣ್ಣದಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪದರಗಟ್ಟುತ್ತದೆ, ಶಾಖ ಹೊರಹೋಗದೆ ಉಳಿಯುತ್ತದೆ. ಈ ಇಂಜಿನ್ನಿನ ಹೆಡ್ಡು ಅಲ್ಯೂಮಿನಿಯಂ ಮಿಶ್ರಲೋಹದ್ದು. ಮಿತಿಮೀರಿ ಕಾದರೆ ಅದು ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಸೋರಿಕೆ ಕಾಣದೆಯೇ ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದರೆ, ಹೊಗೆ ಎಡೆಬಿಡದೆ ಬೆಳ್ಳಗೆ ಬರುತ್ತಿದ್ದರೆ ವ್ಯಾನನ್ನು ಅಲ್ಲಿಯೇ ನಿಲ್ಲಿಸಬೇಕು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು, ಕಪ್ಪು ಹೊಗೆ ಪೆಟ್ರೋಲು ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿರುವುದರ ಗುರುತು. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬಾರದು.

ಬ್ಯಾಟರಿಯ ಪರೀಕ್ಷೆಗೆ ಮಲ್ಟಿಮೀಟರು ಸಾಕು. ರಾತ್ರಿಯಿಡೀ ನಿಂತ ವ್ಯಾನಿನ ಪೂರ್ಣ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಂಜಿನ್ ಓಡುವಾಗ ಅದು ಸಾಧಾರಣವಾಗಿ 13.8ರಿಂದ 14.4ರ ನಡುವೆ ಇರಬೇಕು. ಓಡುವಾಗಲೂ ಏರದಿದ್ದರೆ ದೋಷ ಬ್ಯಾಟರಿಯದಲ್ಲ, ಆಲ್ಟರ್ನೇಟರಿನದು ಅಥವಾ ಅದರ ಬೆಲ್ಟಿನದು. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಒಳ್ಳೆಯ ಬ್ಯಾಟರಿಗಳನ್ನು ಬದಲಾಯಿಸಿ ಹಣ ಕಳೆದುಕೊಳ್ಳುವವರು ಬಹಳ. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಪೆಟ್ರೋಲಿಯಂ ಜೆಲ್ಲಿ ಸವರಿದರೆ ಬೆಳಗಿನ ಅರ್ಧದಷ್ಟು ತೊಂದರೆಗಳು ಕಳೆಯುತ್ತವೆ.

ಆಯಿಲ್ ಮತ್ತು ಅದರ ಫಿಲ್ಟರ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಫ್ಯಾನ್ ಬೆಲ್ಟ್, ವೈಪರ್ ರಬ್ಬರ್, ಬಲ್ಬು, ಫ್ಯೂಸು ಇಷ್ಟನ್ನು ಸಾಮಾನ್ಯ ಕೈಚಳಕವುಳ್ಳ ಯಾರಾದರೂ ಮನೆಯಲ್ಲಿ ಬದಲಾಯಿಸಬಹುದು. ಎಷ್ಟು ಕಿಲೋಮೀಟರಿಗೆ ಎಂಬುದನ್ನು ವ್ಯಾನಿನ ಕೈಪಿಡಿಯಿಂದ ತಿಳಿಯಬೇಕು. ಆದರೆ ಕೆಲಸದ ಪರಿಸರವನ್ನು ಕೈಪಿಡಿ ಅರಿಯದು. ಭಟ್ಟಿಯಲ್ಲಿ ಭತ್ತದ ಹೊಟ್ಟು ಉರಿಯುತ್ತದೆ, ಅದರ ಬೂದಿ ಗಾಳಿಯಲ್ಲಿರುತ್ತದೆ. ಅಲ್ಲಿ ನಿಲ್ಲುವ ವ್ಯಾನಿನ ಏರ್ ಫಿಲ್ಟರ್ ಪೇಟೆಯ ಕಾರಿನದಕ್ಕಿಂತ ಬಹಳ ಬೇಗ ಕಟ್ಟಿಕೊಳ್ಳುತ್ತದೆ. ನೋಟ್ ಪುಸ್ತಕ ಒಂದು ವರ್ಷ ತುಂಬುವುದರೊಳಗೆ ಅದನ್ನು ತೋರಿಸಿತು. ಫಿಲ್ಟರ್ ಸ್ವಚ್ಛ ಮಾಡಿದ ವಾರಗಳಲ್ಲಿ ಒಂದು ಲೀಟರಿಗೆ ಸಿಗುವ ಕಿಲೋಮೀಟರು ಏರುತ್ತಿತ್ತು, ಮರೆತ ತಿಂಗಳುಗಳಲ್ಲಿ ಇಳಿಯುತ್ತಿತ್ತು. ಟೈಮಿಂಗ್ ಬೆಲ್ಟನ್ನು ಮಾತ್ರ ಮೆಕ್ಯಾನಿಕ್ಕೇ ಬದಲಾಯಿಸಲಿ, ಆದರೆ ಅದರ ಅವಧಿಯನ್ನು ಪುಸ್ತಕದಲ್ಲಿ ಮಾಲೀಕನೇ ಬರೆದಿಡಲಿ. ಹೊರನೋಟಕ್ಕೆ ಕಾಣದ ಈ ಪಟ್ಟಿ ತುಂಡಾದರೆ ವ್ಯಾನು ನಿಂತಲ್ಲೇ ನಿಲ್ಲುತ್ತದೆ.

ಟೈರಿನ ಬಗೆಗೂ ಎರಡು ಮಾತು. ನಾಲ್ಕು ಚಕ್ರದ ವಾಹನಗಳ ಟೈರಿನಲ್ಲಿ ಕನಿಷ್ಠ 1.6 ಮಿ.ಮೀ. ಆಳದ ಗೀರು ಇರಬೇಕೆಂಬುದು ಕಾನೂನು. ಹಗುರ ಸರಕಿನ, ಕಡಿಮೆ ಓಡುವ ವ್ಯಾನಿನಲ್ಲಿ ಗೀರು ಸವೆಯುವ ಮೊದಲೇ ರಬ್ಬರು ಮುದಿಯಾಗಿ ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ. ಅಂಗಡಿಯಲ್ಲಿ ಹೊಸದೆಂದು ಕೊಡುವ ಟೈರಿನಲ್ಲಿಯೂ ಈ ಅಂಕಿಯನ್ನು ನೋಡಿ ಕೊಳ್ಳುವುದು ವಿಹಿತ.

ತುಕ್ಕು ಮತ್ತು ರಬ್ಬರು

ಹಳೆಯ ವ್ಯಾನನ್ನು ಕೊನೆಗೆ ಗುಜರಿಗೆ ಕಳುಹಿಸುವುದು ಬಹುತೇಕ ಇಂಜಿನ್ನಲ್ಲ, ತುಕ್ಕು. ಇಂಜಿನ್ನನ್ನು ಕಟ್ಟಬಹುದು, ಕೊಳೆತ ನೆಲಹಾಸನ್ನು ಕಟ್ಟುವುದು ಕಷ್ಟ. ಮಂಡಕ್ಕಿಗೆ ಬಳಸುವ ಅಕ್ಕಿಗೆ ಉಪ್ಪುನೀರು ಬೆರೆಸುತ್ತಾರೆ. ಚೀಲದಿಂದ ಉದುರುವ ಪುಡಿಯಲ್ಲಿ ಉಪ್ಪಿನಂಶವಿರುತ್ತದೆ, ಮಳೆಗಾಲದ ತೇವದೊಡನೆ ಅದು ಮ್ಯಾಟಿನಡಿಯ ತಗಡನ್ನು ತಿನ್ನುತ್ತದೆ. ಉಪ್ಪು, ಗೊಬ್ಬರ, ಮೀನು, ಉಪ್ಪಿನಕಾಯಿ ಸಾಗಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ತಿಂಗಳಿಗೊಮ್ಮೆ ಮ್ಯಾಟು ತೆಗೆದು, ಗುಡಿಸಿ, ಒಣಗಿಸುವುದು, ಜಾರುವ ಬಾಗಿಲಿನ ಹಳಿಯನ್ನು ಸ್ವಚ್ಛ ಮಾಡಿ ಗ್ರೀಸು ಹಚ್ಚುವುದು, ನೀರು ಇಳಿದುಹೋಗುವ ಸಣ್ಣ ರಂಧ್ರಗಳನ್ನು ತೆರೆದಿಡುವುದು ಇವಕ್ಕೆ ಖರ್ಚಿಲ್ಲ. ಸಣ್ಣ ತುಕ್ಕನ್ನು ಲೋಹ ಹೊಳೆಯುವವರೆಗೆ ಉಜ್ಜಿ ಪ್ರೈಮರ್ ಬಳಿದರೆ ಅಲ್ಲಿಗೆ ಮುಗಿಯುತ್ತದೆ. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆಸುವುದು ನಷ್ಟವನ್ನು ಮುಂದಿನ ವರ್ಷಕ್ಕೆ ವರ್ಗಾಯಿಸಿದಂತೆ.

ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ಹೆಚ್ಚಿರುವುದು ಹಳೆಯ ವ್ಯಾನುಗಳಿಗೆ ಹೊಸ ಸಮಸ್ಯೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ 2023ರಲ್ಲಿ ಆರಂಭವಾಗಿ 2025ರ ಹೊತ್ತಿಗೆ ವ್ಯಾಪಕವಾಯಿತು. ಇಂತಹ ಇಂಧನವನ್ನು ಗಮನದಲ್ಲಿಟ್ಟು ತಯಾರಿಸದ ಹಳೆಯ ರಬ್ಬರು ಪೈಪು, ಸೀಲು, ಡಯಾಫ್ರಮ್‌ಗಳು ಬೇಗ ಗಡುಸಾಗುವ ಅಥವಾ ಉಬ್ಬುವ ಸಂಭವವಿದೆ. ಎಥನಾಲ್ ತೇವವನ್ನು ಹೀರಿಕೊಳ್ಳುವುದರಿಂದ ವಾರಗಟ್ಟಲೆ ನಿಲ್ಲುವ ವಾಹನದ ಟ್ಯಾಂಕಿನಲ್ಲಿ ತುಕ್ಕಿಗೂ ಅವಕಾಶವಾಗುತ್ತದೆ. ಇಂಜಿನ್ ಸೀಟಿನಡಿಯಿರುವ ವಾಹನದಲ್ಲಿ ಪೆಟ್ರೋಲ್ ಪೈಪಿನ ಸೋರಿಕೆ ಬರಿಯ ಖರ್ಚಿನ ಪ್ರಶ್ನೆಯಲ್ಲ, ಬೆಂಕಿಯ ಪ್ರಶ್ನೆ. ಪೆಟ್ರೋಲಿನ ವಾಸನೆ ಬಂದ ದಿನ ವ್ಯಾನು ಹೊರಡಬಾರದು. ಗೋದಾಮಿನ ಶಟರು ಎಳೆದು ಒಳಗೆ ಇಂಜಿನ್ ಓಡಿಸುವುದೂ ಅಷ್ಟೇ ಅಪಾಯಕರ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹರಿಹರದ ಸೇತುವೆಯ ಪಾಠ

ಎರಡು ವರ್ಷಗಳ ಅಭ್ಯಾಸದಿಂದ ಭಟ್ಟಿಯ ತಂದೆ-ಮಗನಿಗೆ ಧೈರ್ಯ ಬಂದಿತ್ತು. 2022ರಲ್ಲಿ ಹಿಂದಿನ ಚಕ್ರಗಳ ಬ್ರೇಕ್ ಶೂಗಳನ್ನು ತಾವೇ ಬದಲಾಯಿಸಿದರು. ಡ್ರಮ್ ಬಿಚ್ಚಿದಾಗ ಒಳಗೆ ಸ್ವಲ್ಪ ತೇವ ಕಂಡಿತು. ಹಳೆಯ ಕೊಳೆಯೆಂದು ಬಟ್ಟೆಯಿಂದ ಒರೆಸಿದರು. ಶೂಗಳು ಸರಿಯಾಗಿಯೇ ಕುಳಿತವು. ಪುಸ್ತಕದಲ್ಲಿ ಕೂಲಿಯ ಕಲಮಿನಲ್ಲಿ ಸೊನ್ನೆ ಬರೆದು ಸಂತೋಷಪಟ್ಟರು.

ಹತ್ತನೆಯ ದಿನ ಹರಿಹರದ ತುಂಗಭದ್ರಾ ಸೇತುವೆಯ ಬಳಿ ಮುಂದಿದ್ದ ಬಸ್ಸು ನಿಂತಿತು. ತಂದೆ ಒತ್ತಿದ ಪೆಡಲು ಎಂದಿಗಿಂತ ಬಹಳ ಕೆಳಗಿಳಿಯಿತು. ಮುಂದಿನ ಚಕ್ರಗಳ ಬ್ರೇಕು ಮಾತ್ರ ಹಿಡಿಯಿತು. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬಸ್ಸಿನ ಹಿಂದೆ ಒಂದು ಮೊಳದ ಅಂತರದಲ್ಲಿ ವ್ಯಾನು ನಿಂತಿತು. ಪಕ್ಕದಲ್ಲಿ ಮಗ ಕುಳಿತಿದ್ದ. ಯಾರಿಗೂ ಪೆಟ್ಟಾಗಲಿಲ್ಲ.

ಗ್ಯಾರೇಜಿನಲ್ಲಿ ಡ್ರಮ್ ಬಿಚ್ಚಿದ ಮೇಸ್ತ್ರಿ ಶೂಗಳನ್ನು ನೋಡಿ ತಲೆದೂಗಿದರು. ವೀಲ್ ಸಿಲಿಂಡರಿನ ರಬ್ಬರು ಸವೆದು ಬ್ರೇಕ್ ಆಯಿಲ್ ಹನಿಹನಿಯಾಗಿ ಸೋರಿಹೋಗಿತ್ತು. "ಶೂ ಹಾಕಿದ್ದು ಸರಿ ಇದೆ ಯಜಮಾನ್ರೇ. ಆದ್ರೆ ಆ ತೇವ ಎಲ್ಲಿಂದ ಬಂತು ಅಂತ ನೀವು ಕೇಳ್ಲಿಲ್ಲ" ಎಂದಷ್ಟೇ ಹೇಳಿದರು.

ಮನೆಯ ದುರಸ್ತಿಯ ಮಿತಿಯನ್ನು ಈ ಮಾತು ಸ್ಪಷ್ಟಪಡಿಸುತ್ತದೆ. ಭಾಗವನ್ನು ಬದಲಾಯಿಸುವ ಕೈಚಳಕ ಒಂದು, ದೋಷದ ಮೂಲವನ್ನು ಗುರುತಿಸುವ ಅನುಭವ ಇನ್ನೊಂದು. ಮೊದಲನೆಯದು ತಿಂಗಳುಗಳಲ್ಲಿ ಬರುತ್ತದೆ, ಎರಡನೆಯದಕ್ಕೆ ವರ್ಷಗಳು ಬೇಕು. ಕೆಟ್ಟರೆ ವ್ಯಾನು ನಿಲ್ಲುವಂತಹ ಕೆಲಸಗಳನ್ನು ಮನೆಯಲ್ಲಿ ಮಾಡಬಹುದು. ಕೆಟ್ಟರೆ ವ್ಯಾನು ನಿಲ್ಲದೆ ಹೋಗುವಂತಹ ಕೆಲಸಗಳನ್ನು, ಅಂದರೆ ಬ್ರೇಕು, ಸ್ಟಿಯರಿಂಗು, ಚಕ್ರದ ಬೇರಿಂಗು, ಕಮಾನು ಪಟ್ಟಿ, ಪೆಟ್ರೋಲ್ ಪೈಪಿನ ಜೋಡಣೆ ಇವುಗಳನ್ನು, ಬಲ್ಲವರ ಕೈಗೇ ಒಪ್ಪಿಸಬೇಕು. ಗಾಳಿಯ ತೇವವನ್ನು ಹೀರುವ ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಾಯಿಸಿಸಬೇಕು. ಬಿಡಿಭಾಗಗಳಲ್ಲಿ ನಕಲಿಯ ಹಾವಳಿ ಇರುವುದರಿಂದ ಲೈನಿಂಗು, ರಬ್ಬರು ಕಿಟ್ಟು, ಫಿಲ್ಟರುಗಳನ್ನು ಬಿಲ್ಲು ಕೊಡುವ ಅಂಗಡಿಯಲ್ಲಿಯೇ ಕೊಳ್ಳುವುದು ಕ್ಷೇಮ. ಅಂದು ಸಂಜೆ ನೋಟ್ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿತು: "ಬ್ರೇಕು, ಸ್ಟಿಯರಿಂಗು ಮನೆಯಲ್ಲಿ ಮುಟ್ಟಬಾರದು."

ಪುಸ್ತಕ ಕೊಡುವ ತೀರ್ಪು

ಆ ಘಟನೆಯ ನಂತರ ಹೊಸ ವಾಹನ ಕೊಳ್ಳೋಣವೆಂದು ಮಗ ಹಟ ಹಿಡಿದ. ದುಡಿಯುವ ವ್ಯಾನನ್ನು ಮಾರಿ ಸಾಲ ಮಾಡುವುದು ತಂದೆಗೆ ಒಪ್ಪಿಗೆಯಾಗಲಿಲ್ಲ. ಇಂತಹ ವಾದ ಅನೇಕ ವ್ಯಾಪಾರಿ ಕುಟುಂಬಗಳಲ್ಲಿ ನಡೆಯುತ್ತದೆ, ಬಹುತೇಕ ವೇಳೆ ಧ್ವನಿಯ ಬಲದಿಂದ ತೀರ್ಮಾನವಾಗುತ್ತದೆ. ಇಲ್ಲಿ ಪುಸ್ತಕವಿದ್ದುದರಿಂದ ಲೆಕ್ಕ ಸಾಧ್ಯವಾಯಿತು. ಲೆಕ್ಕದ ಕ್ರಮವನ್ನು ದುಂಡು ಅಂಕಿಗಳಲ್ಲಿ ಹೀಗೆ ತೋರಿಸಬಹುದು.

ಹಳೆಯ ವ್ಯಾನಿನ ಬಿಡಿಭಾಗ ಮತ್ತು ಕೂಲಿ ವರ್ಷಕ್ಕೆ 45,000 ರೂಪಾಯಿ. ವ್ಯಾನು ನಿಂತ ದಿನ 10. ಬಾಡಿಗೆ ಗಾಡಿಗೆ ಕೊಟ್ಟ ಹೆಚ್ಚುವರಿ ಹಣ ದಿನಕ್ಕೆ 1,800ರಂತೆ 18,000. ವರ್ಷಕ್ಕೆ 12,000 ಕಿಲೋಮೀಟರ್ ಓಟ. ಹಳೆಯದು ಲೀಟರಿಗೆ 12, ಹೊಸದು 16 ಕಿಲೋಮೀಟರ್ ಕೊಡುವುದಾದರೆ ಹಳೆಯದಕ್ಕೆ 250 ಲೀಟರ್ ಹೆಚ್ಚು. ಲೀಟರಿಗೆ ನೂರರಂತೆ 25,000. ಒಟ್ಟು 88,000 ರೂಪಾಯಿ.

6,00,000 ರೂಪಾಯಿಯ ಹೊಸ ವ್ಯಾನಿನ ಮೌಲ್ಯ ವರ್ಷಕ್ಕೆ ಶೇ. 15ರಂತೆ ಇಳಿದರೆ ಐದು ವರ್ಷದ ಕೊನೆಗೆ ಸುಮಾರು 2,66,000 ಉಳಿಯುತ್ತದೆ. ಅಂದರೆ ಸರಾಸರಿ ಇಳಿಕೆ ವರ್ಷಕ್ಕೆ ಸುಮಾರು 67,000. ಸರಾಸರಿ ಹೂಡಿಕೆಯ ಮೇಲೆ ಶೇ. 10ರ ಬಡ್ಡಿ ಸುಮಾರು 43,000. ಸರ್ವಿಸಿಂಗಿಗೆ 12,000. ಒಟ್ಟು 1,22,000 ರೂಪಾಯಿ. ವಿಮೆ ಮತ್ತು ತೆರಿಗೆಗಳ ವ್ಯತ್ಯಾಸವನ್ನು ಇಲ್ಲಿ ಸೇರಿಸಿಲ್ಲ.

ಈ ಲೆಕ್ಕದಂತೆ ಹಳೆಯ ವ್ಯಾನು ವರ್ಷಕ್ಕೆ 34,000 ರೂಪಾಯಿ ಉಳಿಸುತ್ತದೆ. ಆದರೆ ಈ ಅಂತರ ಎಷ್ಟು ತೆಳುವೆಂಬುದು ಗಮನಾರ್ಹ. ದುರಸ್ತಿ 65,000ಕ್ಕೆ ಏರಿ, ನಿಂತ ದಿನಗಳು 20 ಆದರೆ ಹಳೆಯದರ ವೆಚ್ಚ 1,26,000 ಆಗುತ್ತದೆ, ಉಳಿತಾಯ ನಷ್ಟಕ್ಕೆ ತಿರುಗುತ್ತದೆ. ಇದರಲ್ಲಿ ದುರಸ್ತಿಯ ಹೆಚ್ಚಳ 20,000, ನಿಂತ ದಿನಗಳ ಹೆಚ್ಚಳ 18,000. ಮೊದಲನೆಯದಕ್ಕೆ ಬಿಲ್ಲು ಇರುತ್ತದೆ. ಎರಡನೆಯದಕ್ಕೆ ಗ್ಯಾರೇಜಿನ ಬಿಲ್ಲಿಲ್ಲ, ಅದು ಬಾಡಿಗೆ ಖರ್ಚಿನಲ್ಲಿ ಎಲ್ಲೋ ಅಡಗಿರುತ್ತದೆ. ವ್ಯಾನಿನ ಖರ್ಚು ಕಡಿಮೆಯೆಂದು ನಂಬಿರುವ ಅನೇಕರು ಈ ಅಡಗಿದ ಅರ್ಧವನ್ನು ಕಾಣದವರು. ಸಮಯಕ್ಕೆ ಸರಕು ಬಾರದೆ ಬೇರೆ ಭಟ್ಟಿಗೆ ಹೋದ ಗಿರಾಕಿಯ ಲೆಕ್ಕವಂತೂ ಯಾವ ಕಲಮಿನಲ್ಲಿಯೂ ಸಿಗುವುದಿಲ್ಲ. ಮನೆಯ ದುಡಿಮೆ ಪುಕ್ಕಟೆಯೆಂಬ ಭಾವನೆಯೂ ಪೂರ್ಣ ಸತ್ಯವಲ್ಲ. ಭಾನುವಾರದ ನಾಲ್ಕು ಗಂಟೆಯಲ್ಲಿ ವಸೂಲಿಗೆ ಹೋಗಬಹುದಾಗಿದ್ದರೆ ಆ ನಷ್ಟವೂ ವ್ಯಾನಿನ ಖಾತೆಗೇ ಸೇರಬೇಕು.

ತೆರಿಗೆ ಮತ್ತು ಕಾನೂನಿನ ಕೆಲವು ಅಂಶಗಳು

ಸ್ವಂತ ಸರಕಿಗೆ ಬಳಸುವ ವ್ಯಾನಿಗೆ ಶೇ. 15ರ ಸವಕಳಿ, ಬಾಡಿಗೆಗೆ ಓಡಿಸುವ ಉದ್ಯಮದ ಲಾರಿ ಮುಂತಾದವುಗಳಿಗೆ ಶೇ. 30 ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯಡಿಯ ದರ. ಇರುವ ಆಸ್ತಿಯನ್ನು ಉಳಿಸಿಕೊಳ್ಳುವ ವೆಚ್ಚ ರಾಜಸ್ವ ವೆಚ್ಚ, ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ವೆಚ್ಚ ಬಂಡವಾಳ ವೆಚ್ಚ. ಚಾಲ್ತಿ ದುರಸ್ತಿಯ ಬಗೆಗಿನ ಈ ಕಸೋಟಿಯನ್ನು ನ್ಯೂ ಶೋರಾಕ್ ಸ್ಪಿನ್ನಿಂಗ್ ಮಿಲ್ ಪ್ರಕರಣದಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯ 1956ರಲ್ಲಿಯೇ ಹೇಳಿದ್ದು, ಸರ್ವೋಚ್ಚ ನ್ಯಾಯಾಲಯವೂ ಅದನ್ನು ಅಂಗೀಕರಿಸಿದೆ. 1961ರ ಕಾಯ್ದೆಯ ಸ್ಥಾನಕ್ಕೆ 2025ರ ಕಾಯ್ದೆಯನ್ನು ತರಲಾಗಿದ್ದರೂ ಈ ವಿವೇಚನೆಯ ಅಗತ್ಯ ತಪ್ಪುವುದಿಲ್ಲ. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದು ಕೊಟ್ಟ ದುರಸ್ತಿ ವೆಚ್ಚವನ್ನು ಕಳೆಯಲು ಬಾರದು. ಮಾಲೀಕನು ತಾನೇ ಮಾಡಿದ ಕೆಲಸಕ್ಕೆ ಕೂಲಿಯೆಂದು ಖರ್ಚು ಬರೆಯಲೂ ಬಾರದು.

ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇ. 18 ಆಗಿದೆ. ಸರಕು ವಾಹನದ ದುರಸ್ತಿಗೆ ಕೊಟ್ಟ ತೆರಿಗೆಯ ಜಮೆಯನ್ನು ನೋಂದಾಯಿತ ವ್ಯಾಪಾರಿ ಪಡೆಯಬಹುದು, ಆದರೆ ಅವನ ಮಾರಾಟ ತೆರಿಗೆಗೆ ಒಳಪಟ್ಟಿದ್ದರೆ ಮಾತ್ರ. ಚೀಲದಲ್ಲಿ ಸಡಿಲವಾಗಿ ಮಾರುವ ಮಂಡಕ್ಕಿಗೆ ತೆರಿಗೆ ವಿನಾಯಿತಿ ಇರುವುದರಿಂದ ನಮ್ಮ ಭಟ್ಟಿಯವರಿಗೆ ಈ ಜಮೆ ಇಲ್ಲ. ಅವರ ಲೆಕ್ಕದಲ್ಲಿ ಬಿಡಿಭಾಗದ ಬೆಲೆ ಎಂದರೆ ತೆರಿಗೆ ಸೇರಿದ ಬೆಲೆ.

ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಅರ್ಹತಾ ಪತ್ರ ಬೇಕು. ಹದಿನೈದು ವರ್ಷ ಮೀರಿದ ವಾಹನಗಳ ಶುಲ್ಕ 2022ರ ಏಪ್ರಿಲ್ 1ರಿಂದ ಗಣನೀಯವಾಗಿ ಏರಿತು, 2025ರಲ್ಲಿ ಮತ್ತೆ ಪರಿಷ್ಕೃತವಾಯಿತು. ಆದುದರಿಂದ ನವೀಕರಣಕ್ಕೆ ಎರಡು ತಿಂಗಳು ಮೊದಲೇ ಆ ಶುಲ್ಕವನ್ನೂ ಸೇರಿಸಿ ಮೇಲಿನ ಲೆಕ್ಕವನ್ನು ಹೊಸದಾಗಿ ಹಾಕುವುದು ಉಚಿತ. ಇಂಧನದ ಬಗೆ, ಆಸನ, ಕವಚ ಮುಂತಾದವನ್ನು ನೋಂದಣಿ ಪುಸ್ತಕಕ್ಕೆ ವಿರುದ್ಧವಾಗಿ ಬದಲಾಯಿಸುವುದು ದುರಸ್ತಿಯಲ್ಲ, ಕಾನೂನಿನ ಉಲ್ಲಂಘನೆ. ಅಪಘಾತವಾದಾಗ ವಿಮಾ ಕಂಪನಿ ಮೊದಲು ಎತ್ತುವ ತಕರಾರೂ ಅದೇ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವಾದುದರಿಂದ ಅದನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ಶೇಖರಿಸಿ ಅಧಿಕೃತ ಸಂಗ್ರಾಹಕರಿಗೆ ಕೊಡಬೇಕು. ಹಳೆಯ ಬ್ಯಾಟರಿಯನ್ನು ಮಾರಾಟಗಾರನಿಗೇ ಹಿಂದಿರುಗಿಸಿದರೆ ಹೊಸದರ ಬೆಲೆಯಲ್ಲಿ ಇಳಿಕೆಯೂ ಸಿಗುತ್ತದೆ. ವ್ಯಾನಿನ ಆಯುಷ್ಯವೇ ಮುಗಿದಾಗ 2021ರ ನಿಯಮಗಳಂತೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣ ಪತ್ರ ಪಡೆಯುವುದು ಒಳಿತು. ನೋಂದಣಿ ರದ್ದಾಗದ ವಾಹನ ಬೇರೆಯವರ ಕೈಯಲ್ಲಿ ಓಡಿದರೆ ಹೊಣೆ ಹಳೆಯ ಮಾಲೀಕನ ಬೆನ್ನು ಬಿಡುವುದಿಲ್ಲ.

ಉಪಸಂಹಾರ

ಹಳೆಯ ವ್ಯಾನನ್ನು ಉಳಿಸಿಕೊಳ್ಳುವುದು ಜಿಪುಣತನವೂ ಅಲ್ಲ, ಮಾರುವುದು ದುಂದುಗಾರಿಕೆಯೂ ಅಲ್ಲ. ಲೆಕ್ಕವಿಲ್ಲದೆ ಇವೆರಡರಲ್ಲಿ ಯಾವುದನ್ನು ಮಾಡಿದರೂ ಅದು ಊಹೆ. ದಾವಣಗೆರೆಯ ತಂದೆ-ಮಗ ತಮ್ಮ ವಾದವನ್ನು ಎರಡು ಸಾಲುಗಳಲ್ಲಿ ಬರೆದು ಮುಗಿಸಿದರು. ಒಂದು ವರ್ಷದಲ್ಲಿ ವ್ಯಾನು 20 ದಿನ ನಿಂತರೆ ಅಥವಾ ದುರಸ್ತಿ 65,000 ಮುಟ್ಟಿದರೆ ಮರುಮಾತಿಲ್ಲದೆ ಮಾರುವುದು. ಅಲ್ಲಿಯವರೆಗೆ ಹರಿಹರ ಮತ್ತು ರಾಣೆಬೆನ್ನೂರಿಗೆ ಇದೇ ವ್ಯಾನು, ಹೆದ್ದಾರಿಯಲ್ಲಿ ದೂರದ ಚಿತ್ರದುರ್ಗಕ್ಕೆ ಬಾಡಿಗೆ ಗಾಡಿ. ಎರಡಕ್ಕೂ ಇಬ್ಬರೂ ಸಹಿ ಹಾಕಿದ್ದಾರೆ.

ಕಳೆದ ವರ್ಷದ ಪುಟದ ಕೆಳಗೆ ಮಗ ಕೂಡಿ ಬರೆದ ಮೊತ್ತ: ವ್ಯಾನು ನಿಂತ ದಿನ 14. ಅದರ ಪಕ್ಕದಲ್ಲಿ ತಂದೆಯ ಕೈಬರಹದಲ್ಲಿ ಇನ್ನೂ ಒಂದು ಟಿಪ್ಪಣಿ ಇದೆ: "ಹಿಂದಿನ ವರ್ಷ 11."